ಬೆರಕೆ ಬಟ್ಟಲಿನ ವಿಚಾರಣೆ

ಯಾವುದೇ ಊಟವು ಏಕಕಾಲಕ್ಕೆ ಒಂದಕ್ಕಿಂತ ಹೆಚ್ಚು ದೇಶಗಳಿಗೆ ಸೇರಿರತಕ್ಕದ್ದಲ್ಲ ಎಂಬುದು ಆಹಾರ ವರ್ಗೀಕರಣ ಇಲಾಖೆಯ ದೃಢವಾದ ನಿಲುವು.

ಆಸ್ಪತ್ರೆಯ ಹಿಂದಿನ ಓಣಿಯಲ್ಲಿ ಅಣ್ಣ-ತಂಗಿ ಸೇರಿ ನಡೆಸುತ್ತಿದ್ದ 'ಬೆರಕೆ ಬಟ್ಟಲು' ಎಂಬ ಚಿಕ್ಕ ಹೋಟೆಲಿಗೆ ಈ ವಿಷಯ ತಿಳಿದಿರಲಿಲ್ಲ. ಅಣ್ಣ ಒಲೆಯ ಮುಂದೆ, ತಂಗಿ ಗಲ್ಲಾದಲ್ಲಿ. ಜಪಾನಿನ ನೂಡಲ್ಸ್ ಮೇಲೆ ಥಾಯ್ಲೆಂಡಿನ ತೆಂಗಿನಹಾಲಿನ ಸೂಪ್ ಸುರಿದು, ಅದರ ಮೇಲೆ ಕೊರಿಯಾದ ಹುಳಿಖಾರದ ಕೋಸು ಹಾಕಿ ಕೊಡುತ್ತಿದ್ದರು. ಹೊಟ್ಟೆ ತುಂಬುತ್ತಿತ್ತು, ಜೇಬು ಖಾಲಿಯಾಗುತ್ತಿರಲಿಲ್ಲ. ನರ್ಸುಗಳು, ಆಂಬುಲೆನ್ಸ್ ಡ್ರೈವರುಗಳು, ರೋಗಿಗಳ ಕಡೆಯವರು ಮೊಣಕೈಗೆ ಮೊಣಕೈ ತಾಗಿಸಿಕೊಂಡು ಕೂತು, ಸೊರಸೊರ ಹೀರುತ್ತ ಹರಟುತ್ತಿದ್ದರು.

ಒಂದು ಮಧ್ಯಾಹ್ನ ಇಲಾಖೆಯ ಇನ್ಸ್‌ಪೆಕ್ಟರು ಬಂದು ಒಂದು ಬಟ್ಟಲನ್ನು ಬೆರಳಿನಿಂದ ತೋರಿಸಿ ಕೇಳಿದರು.

"ಇದು ಯಾವ ದೇಶದ್ದು?"

"ನಮ್ಮ ಅಡುಗೆಮನೆದು ಸಾರ್," ಎಂದಳು ತಂಗಿ.

"ಅಡುಗೆಮನೆ ದೇಶ ಅಲ್ಲಮ್ಮ. ವಿಚಾರಣೆ ಮುಗಿಯೋವರೆಗೂ ಯಾರೂ ತಿನ್ನೋ ಹಾಗಿಲ್ಲ."

ಅಣ್ಣ ಸೌಟು ಹಿಡಿದೇ ಓಡಿಬಂದ. "ಸಾರ್, ಜನ ಹಸಕೊಂಡು ಕೂತಿದಾರೆ!"

"ಹಸಿವಿಗೆ ನಮ್ಮ ಆಕ್ಷೇಪಣೆ ಇಲ್ಲ. ಆಕ್ಷೇಪಣೆ ಇರೋದು ಬಟ್ಟಲಿಗೆ."

ಸದರಿ ಬಟ್ಟಲನ್ನು ನಾಲಿಗೆಯ ಮೂಲಕ ಪರೀಕ್ಷಿಸಲಾಯಿತು. ಸಂಶಯ ಉಳಿದದ್ದರಿಂದ ಇನ್ನೊಂದನ್ನು ತರಿಸಲಾಯಿತು. ಮರುದಿನ, ಕೆಳಗಿನವರ ನಾಲಿಗೆಯನ್ನು ನಂಬದ ಮೇಲಧಿಕಾರಿಗಳು ಖುದ್ದಾಗಿ ಬಂದರು. ಆಮೇಲೆ ಸಮಿತಿ ಬಂತು. ಮೇಲಧಿಕಾರಿಗಳ ಮಾವನವರು ಅದರ ಸ್ವತಂತ್ರ ಸದಸ್ಯರಾಗಿದ್ದು, ಅವರು ಸ್ವತಂತ್ರವಾಗಿಯೇ ಎರಡೆರಡು ಸಲ ಬಡಿಸಿಕೊಂಡರು. ಗಿರಾಕಿಗಳು ಬಾಗಿಲ ಹೊರಗೆ ನಿಂತು ವಾಸನೆ ಕುಡಿಯುತ್ತಿದ್ದರು.

ಇನ್ನು ಅಂಗಡಿ ಮುಚ್ಚುವುದೇ ಗತಿ ಎಂದು ಅಣ್ಣ ತಲೆ ಮೇಲೆ ಕೈಹೊತ್ತು ಕೂತಾಗ ಆದೇಶ ಹೊರಟಿತು. ನೂಡಲ್ಸಿಗೆ ಒಂದು ಮೇಜು, ಸೂಪಿಗೆ ಒಂದು ಮೇಜು, ಕೋಸಿಗೆ ಒಂದು ಮೇಜು, ನಡುನಡುವೆ ಗೋಡೆ. ಗಿರಾಕಿಯು ಒಂದು ದೇಶವನ್ನು ತಿಂದು ಮುಗಿಸಿದ ನಂತರವೇ ಮುಂದಿನ ದೇಶಕ್ಕೆ ತೆರಳತಕ್ಕದ್ದು. ಹೊಟ್ಟೆಯೊಳಗಿನ ಬೆರಕೆಯು ಇಲಾಖೆಯ ವ್ಯಾಪ್ತಿಗೆ ಬರುವುದಿಲ್ಲ.

ಮೊದಲ ದಿನವೇ ಪೇಚು ತಲೆದೋರಿತು. ಎಲ್ಲರೂ ನರ್ಸಕ್ಕ ಎಂದು ಕರೆಯುತ್ತಿದ್ದ ಹಳೆಯ ಗಿರಾಕಿಯೊಬ್ಬಳು ಬಾಯಿತುಂಬ ಒಣ ನೂಡಲ್ಸ್ ತುಂಬಿಕೊಂಡು, ಒಂದೇ ಓಟಕ್ಕೆ ಗೋಡೆ ದಾಟಿ, ಅದರ ಮೇಲೆ ಸೂಪ್ ಹೀರಿದಳು.

"ಬಾಯಿ ತೆಗಿಯಮ್ಮ!" ಇನ್ಸ್‌ಪೆಕ್ಟರು ಗದರಿದರು.

ನರ್ಸಕ್ಕ ನುಂಗಿಬಿಟ್ಟು ಹೇಳಿದಳು: "ಇಷ್ಟು ದಿನ ನಾನು ಬೇರೆಯವರಿಗೆ ಹಾಗೆ ಹೇಳ್ತಿದ್ದೆ."

ಬಾಯಿ ಯಾರ ವ್ಯಾಪ್ತಿಗೆ ಸೇರಿದ್ದು ಎಂಬ ಬಗ್ಗೆ ಗಂಭೀರ ಚರ್ಚೆ ನಡೆದು, ಇಲಾಖೆಗೆ ಕಾಣಿಸದ ಬೆರಕೆಯು ಬೆರಕೆಯೇ ಅಲ್ಲವೆಂದೂ, ಆದ್ದರಿಂದ ಎಲ್ಲರೂ ಬಾಯಿ ಮುಚ್ಚಿಕೊಂಡು ತಿನ್ನತಕ್ಕದ್ದೆಂದೂ ತೀರ್ಮಾನವಾಯಿತು.

ಅಂದಿನಿಂದ ಹೋಟೆಲಿನಲ್ಲಿ ಪಿಟ್ಟೆಂಬ ಸದ್ದಿಲ್ಲ. ಈ ಮೌನ ಕಂಡವರು ಇದು ಭಾರಿ ದೊಡ್ಡವರ ಜಾಗವಿರಬೇಕು ಎಂದುಕೊಂಡರು. ಓಣಿಯಲ್ಲಿ ಕಾರುಗಳು ನಿಂತವು. ಗೋಡೆ ಕಟ್ಟಿಸಿದ ಖರ್ಚು ತೀರಿಸಲು ತಂಗಿ ದರ ಏರಿಸಿದಳು. ಖರ್ಚು ತೀರಿದ ಮೇಲೆ, ಇಷ್ಟು ಅಗ್ಗವೇ ಎಂದು ಕಾರಿನಲ್ಲಿ ಬಂದವರಿಗೆ ಬೇಜಾರಾಗದಿರಲೆಂದು, ಇನ್ನಷ್ಟು ಏರಿಸಿದಳು. ನರ್ಸುಗಳು, ಡ್ರೈವರುಗಳು ಎದುರಿನ ಕಟ್ಟೆಯ ಮೇಲೆ ಕೂತು ಬ್ರೆಡ್ ತಿನ್ನತೊಡಗಿದರು.

ಅಣ್ಣನಿಗೆ ಮಾತ್ರ ಒಳಗೊಳಗೇ ಚುರುಕ್ ಎನ್ನುತ್ತಿತ್ತು. ಒಂದು ದಿನ ತಂಗಿಯ ಕಣ್ಣು ತಪ್ಪಿಸಿ, ಹಳೆಯ ಕ್ರಮದಲ್ಲೇ ಎಲ್ಲ ಬೆರೆಸಿದ ಬಿಸಿ ಬಟ್ಟಲೊಂದನ್ನು ಹಿತ್ತಿಲ ಬಾಗಿಲಿಗೆ ತಂದು ನರ್ಸಕ್ಕನನ್ನು ಕರೆದ.

"ತಗೊಳಕ್ಕ. ದುಡ್ಡು ಬೇಡ."

ಅವಳು ಆಸೆಯಿಂದ ಬಗ್ಗಿ ನೋಡಿದಳು. ಮುಖ ಕಿವುಚಿದಳು.

"ಅಯ್ಯೋ, ಎಲ್ಲಾ ಕಲಸಿಬಿಟ್ಟಿದೀಯಲ್ಲಪ್ಪ! ದುಡ್ಡು ಕೊಡೋರಿಗಾದ್ರೆ ಹಿಂಗೆ ಕೊಡ್ತಿದ್ಯಾ?"

ಅಣ್ಣ ನಾಚಿಕೊಂಡ. ಮೆಟ್ಟಿಲ ಮೇಲೆ ಕೂತು, ಸೂಪ್ ಸೋಸಿ, ಕೋಸು ಹೆಕ್ಕಿ, ನೂಡಲ್ಸನ್ನು ಎಳೆಎಳೆಯಾಗಿ ಬಿಡಿಸಿ ಮೂರು ತಟ್ಟೆಗಳಲ್ಲಿ ಇಟ್ಟುಕೊಟ್ಟ. ಎಲ್ಲವೂ ಆರಿ ತಣ್ಣಗಾಗಿತ್ತು.

"ಈಗ ನೋಡು, ಎಷ್ಟು ಲಕ್ಷಣವಾಗಿದೆ," ಎಂದಳು ನರ್ಸಕ್ಕ. ಆಮೇಲೆ ಬಾಯಿ ಮುಚ್ಚಿಕೊಂಡು ತೃಪ್ತಿಯಿಂದ ತಿಂದಳು.