ಗಂಜಿನಿಂದ ಶಾಲೆಗೆ ಬಂದ ದಲಾಲಿ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಇದನ್ನು ನಾನು ಚೆನ್ನಾಗಿ ಹೇಳಲಾರೆ. ಚೀಟಿಯ ಮೇಲೆ ಚೀಲದ ಲೆಕ್ಕ ಬರೆದ ಕೈ ಇದು, ಕಥೆ ಬರೆದದ್ದಲ್ಲ. ಆದರೆ ನನ್ನ ಸುತ್ತ ಇಂಥವು ಆಗುತ್ತಲೇ ಇರುತ್ತವೆ, ಯಾರಾದರೂ ಬರೆಯಲೇಬೇಕು.

ಸ್ವಲ್ಪ ವಿವರಿಸುತ್ತೇನೆ. ನಮ್ಮದು ಲಿಂಗಸುಗೂರು ಕಡೆಯ ಹಳೆಯ ಕ್ರೈಸ್ತ ಮನೆತನ. ಕಾಲುವೆಗೆ ನೀರು ಬಂದ ಮೇಲೆ ನಾನು ಸಿಂಧನೂರಿನ ಗಂಜಿನಲ್ಲಿ, ಅಂದರೆ ಧಾನ್ಯದ ಪೇಟೆಯಲ್ಲಿ, ಭತ್ತದ ದಲಾಲಿ ಅಂಗಡಿ ಇಟ್ಟೆ. ಚೆನ್ನಾಗಿಯೇ ನಡೆಯುತ್ತಿತ್ತು. ಒಂದು ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿದ ಮೇಲೆ ನಮ್ಮ ಫಾದರ್, "ತುರ್ವಿಹಾಳ ದಾರಿಯ ನಮ್ಮ ಶಾಲೆ ನೋಡಿಕೊಳ್ಳಲು ಯಾರೂ ಇಲ್ಲ, ಒಂದು ವರ್ಷ ಬರುತ್ತೀರಾ?" ಎಂದರು. ಅಂಗಡಿ ತಮ್ಮನಿಗೆ ಬಿಟ್ಟು ಬಂದೆ. ಆ ಒಂದು ವರ್ಷ ಇನ್ನೂ ಮುಗಿದಿಲ್ಲ.

ಶಾಲೆಯಲ್ಲಿದ್ದದ್ದು ನಾಲ್ಕನೇ ತರಗತಿಯವರೆಗೆ ಮಾತ್ರ. ಅದನ್ನು ಮುಗಿಸಿದ ಹನ್ನೊಂದು ಹುಡುಗಿಯರು ಮತ್ತೆ ನಾಲ್ಕನೆಯದರಲ್ಲೇ ಕೂತಿದ್ದರು. ಐದನೆಯದಕ್ಕೆ ಮಂಜೂರಾತಿ ಸಿಗದಿದ್ದರೆ ಅವರ ಓದು ಅಲ್ಲಿಗೇ ಮುಗಿಯಿತು. ದೂರದ ಶಾಲೆಗೆ ಹುಡುಗಿಯರನ್ನು ಕಳಿಸುವವರಿರಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಉಳಿದದ್ದೆಲ್ಲ ಇದಕ್ಕಾಗಿಯೇ ನಡೆದದ್ದು.

ಮೊದಲ ದಿನ

ಅಂಗಡಿಯ ಗಾದಿ, ಒರಗುವ ಲೋಡು ತಂದು ಆಫೀಸಿನಲ್ಲಿ ಹಾಸಿ ಕೂತಿದ್ದೆ. ಗಾದಿಯಿಲ್ಲದೆ ನನಗೆ ಮಾತು ಹೊರಡುವುದಿಲ್ಲ. ಬಳಗಾನೂರು ಕಡೆಯ ಒಬ್ಬ ರೈತ ಬಾಗಿಲಲ್ಲಿ ನಿಂತ. ಬಾಯಿಗೆ ರೂಢಿಯ ಮಾತೇ ಬಂತು.

"ಎಷ್ಟು ತಂದೀ?"

"ಎರಡು ತಂದೀನ್ರಿ."

"ಒಣಗ್ಯಾವೋ, ಹಸಿ ಅದಾವೋ?"

ಅವನು ತಿರುಗಿ ಅಂಗಳದಲ್ಲಿದ್ದ ಮಕ್ಕಳನ್ನು ನೋಡಿದ. "ಹಸೀನ ಅದಾವ್ರಿ. ಈಗಷ್ಟೇ ಕಾಲುವ್ಯಾಗ ಜಳಕಾ ಮಾಡಿಸ್ಕೊಂಡು ಬಂದೀನಿ. ಬೇಕಂದ್ರ ಒಂದ್ ತಾಸು ಬಿಸಿಲಿಗೆ ನಿಂದರಸ್ತೀನಿ."

ಮಸ್ಕಿಯ ಮಾಸ್ತರು

ಐದನೆಯದು ಬೇಕೆಂದರೆ ಅದಕ್ಕೊಬ್ಬ ಮಾಸ್ತರು ಮೊದಲೇ ಇರಬೇಕು. ಮಸ್ಕಿಯಿಂದ ಒಬ್ಬ ತರುಣ ಬಂದ. ಇಲ್ಲಿ ಒಂದು ವಿಷಯ ತಿಳಿಸಬೇಕು. ಗಂಜಿನಲ್ಲಿ ನಾವು ಚೀಲದ ಬಾಯಿಯ ಕಾಳನ್ನು ನಂಬುವುದಿಲ್ಲ. ಒಳ್ಳೆಯದನ್ನು ಎಲ್ಲರೂ ಮೇಲೆಯೇ ಹಾಕಿರುತ್ತಾರೆ. ಚೀಲದ ನಡುವಿಗೆ ಚುಚ್ಚಿ ನಾಲ್ಕು ಕಾಳು ತೆಗೆದು ನೋಡುತ್ತೇವೆ. ಅವನಿಗೂ ಹಾಗೇ ಮಾಡಿದೆ. ಹತ್ತೊಂಬತ್ತರ ಮಗ್ಗಿಯನ್ನು ಏಳರಿಂದ ಹೇಳಿಸಿದೆ, ಪುಸ್ತಕವನ್ನು ನಡುವೆ ಬಿಚ್ಚಿ ಓದಿಸಿದೆ. ಮುಖ್ಯೋಪಾಧ್ಯಾಯಿನಿ ಸಿಸ್ಟರ್ ಮಂಗಳೂರು ಕಡೆಯವರು. ಇದೆಂಥ ಸಂದರ್ಶನ ಎಂದು ನನ್ನನ್ನೇ ನೋಡುತ್ತಿದ್ದರು.

ಅವನು ತಪ್ಪಿಲ್ಲದೆ ಹೇಳಿದ. ಸಂತೋಷದಿಂದ ತರಗತಿ ತೋರಿಸಲು ಕರೆದೊಯ್ದೆ. ಸಿಸ್ಟರ್ ಮುಂದಿನ ಸಾಲಿನ ಹುಡುಗಿಗೆ ಪದ್ಯ ಹೇಳಲು ಹೇಳಿದರು. ಅವನು ಕೈ ಅಡ್ಡ ಹಿಡಿದ.

"ಹಿಂದಿನ ಸಾಲಿನವ್ರು ಹೇಳ್ಲಿ ಬಿಡ್ರಿ. ನಮ್ಮಪ್ಪನೂ ಸಂತ್ಯಾಗ ಜ್ವಾಳ ಮಾರ್ತಾನ."

ಟವೆಲಿನ ಕೆಳಗಿನ ಮಾತು

ಲಿಂಗಸುಗೂರಿನಿಂದ ಶಿಕ್ಷಣ ಇಲಾಖೆಯ ಸಾಹೇಬರು ಸೋಮವಾರ ತಪಾಸಣೆಗೆ ಬರುತ್ತಾರೆಂದು ತಿಳಿಯಿತು. ಅಂದು ನಲವತ್ತು ಮಕ್ಕಳು ಹಾಜರಿದ್ದರೆ ಮಂಜೂರಾತಿ, ಇಲ್ಲದಿದ್ದರೆ ಇಲ್ಲ. ಆದರೆ ಅದು ಭತ್ತದ ನಾಟಿಯ ಕಾಲ. ಆ ಹನ್ನೊಂದು ಹುಡುಗಿಯರೂ ಸೇರಿ ಮಕ್ಕಳೆಲ್ಲ ತಾಯಂದಿರ ಜೊತೆ ಕೆಸರಿನಲ್ಲಿದ್ದರು. ಗದ್ದೆ ಪಕ್ಕದ ಕ್ಯಾಂಪಿನಲ್ಲಿ ನೆಲೆಸಿದ್ದ ಆಂಧ್ರದ ರೈತರೊಬ್ಬರದು. ಅವರು ನನ್ನ ಹಳೆಯ ಗಿರಾಕಿ.

ಗಂಜಿನಲ್ಲಿ ದರವನ್ನು ಬಾಯಲ್ಲಿ ಹೇಳುವುದಿಲ್ಲ. ಕೈ ಮೇಲೆ ಟವೆಲ್ ಹಾಕಿ, ಕೆಳಗೆ ಬೆರಳು ಹಿಡಿದು ತಿಳಿಸುತ್ತೇವೆ. ಮಾಲಿನ ಹೆಸರನ್ನೂ ಹೇಳುವುದಿಲ್ಲ, ಅದು ಕಣ್ಣೆದುರೇ ರಾಶಿ ಬಿದ್ದಿರುತ್ತದೆ. ಮಕ್ಕಳನ್ನು ಕೇಳಲು ಹೋದಾಗ, ಆ ರೈತರನ್ನು ಕಂಡ ಕೂಡಲೇ ನನ್ನ ಟವೆಲ್ ತಾನೇ ಹೆಗಲಿಂದ ಇಳಿಯಿತು. "ಸೋಮವಾರ ಮುಂಜಾನಿ ಸಾಲಿಗೆ ಬೇಕ್ರಿ" ಎಂದು ಶಾಲೆಯ ಕಡೆ ಕೈ ತೋರಿಸಿ, ಅವರ ನಾಲ್ಕು ಬೆರಳು ಹಿಡಿದೆ. ಅವರು ಗದ್ದೆ ನೋಡಿದರು, ಮೋಡ ನೋಡಿದರು. ಮೂರು ಬೆರಳು ಹಿಡಿದರು. ನಾನು ಬಿಡಲಿಲ್ಲ, ಮತ್ತೆ ನಾಲ್ಕು ಹಿಡಿದೆ. "ಸರೇ, ಪಂಪಿಸ್ತಾನು" ಎಂದರು. ಕಳಿಸುತ್ತೇನೆ ಎಂದು.

ಸೋಮವಾರ ನಲವತ್ತು ಹೆಂಗಸರು ಸೀರೆ ಮೊಣಕಾಲಿಗೆ ಕಟ್ಟಿಕೊಂಡು ಬಂದು ನಿಂತರು. ನಾಟಿಯ ಕಾಲದಲ್ಲಿ ಬೆರಳು ಹಿಡಿದು ಕೇಳಿದರೆ ಕೇಳಿದ್ದು ಆಳನ್ನೇ ಎಂದು ಆ ರೈತರು ತಿಳಿದಿದ್ದರು. ಶಾಲೆಯ ಹಿಂದೆ ಶಾಲೆಯದೇ ಒಂದು ತುಂಡು ಗದ್ದೆ ಇತ್ತು, ಅದರ ನಾಟಿಗೆ ಎಂದುಕೊಂಡಿದ್ದರು. ಅಷ್ಟರಲ್ಲಿ ಸಾಹೇಬರ ಜೀಪು ಬಂತು.

 ಸಿಸ್ಟರ್ ತಡಮಾಡಲಿಲ್ಲ. ತಾಯಂದಿರ ಬೆನ್ನಿಗೇ ಬಂದಿದ್ದ ಮಕ್ಕಳನ್ನು ಕಾಲು ತೊಳೆಸಿ ಮುಂದೆ ಕೂರಿಸಿದರು, ಹೆಂಗಸರನ್ನು ಹಿಂದೆ. ಸಾಹೇಬರು ಎಣಿಸಿದರು. ನಲವತ್ಮೂರು ಮಕ್ಕಳು. ಆಮೇಲೆ ತಲೆ ಎತ್ತಿ, "ಇವರೆಲ್ಲ ಯಾರು?" ಎಂದರು.

"ಪಾಲಕರು ಸರ್" ಎಂದರು ಸಿಸ್ಟರ್. ಸುಳ್ಳೇನೂ ಅಲ್ಲ.

"ಯಾಕ ಬಂದೀರವ್ವಾ?"

ಹಿರಿಯಳೊಬ್ಬಳು ಎದ್ದು ನಿಂತಳು. "ಸಾಲ್ಯಾಗ ಏನ್ ಕೆಲಸ ಹೇಳ್ತಾರೋ ಮಾಡಾಕ ಬಂದೀವ್ರಿ."

ಇಂಥ ಪಾಲಕರನ್ನು ಈ ಭಾಗದಲ್ಲೇ ಕಂಡಿಲ್ಲವೆಂದು ಸಾಹೇಬರು ಪುಸ್ತಕದಲ್ಲಿ ಬರೆದು, ಐದನೇ ತರಗತಿಗೆ ಅಲ್ಲೇ ಶಿಫಾರಸು ಹಾಕಿದರು. ಜೀಪು ಹೋದ ಮೇಲೆ ಆ ಹಿರಿಯಳು ನನ್ನ ಬಳಿ ಬಂದಳು.

"ಯಪ್ಪಾ, ಮುಂಜಾನಿಂದ ನೆರಳಾಗ ಕುಂದರಿಸಿದ್ರಿ. ಇಷ್ಟಽ ಕೆಲಸ ಆದ್ರ ನಾಳಿನೂ ನಾವಽ ಬರ್ತೀವಿ. ಬ್ಯಾರೇದವ್ರಿಗೆ ಹೇಳಬ್ಯಾಡ್ರಿ."

ಆ ನಲವತ್ತು ಜನರ ಉಪಕಾರ ನಾನು ಮರೆಯುವಂತಿಲ್ಲ. ಆದರೆ ನಾಲ್ಕು ಬೆರಳು ಹಿಡಿದರೆ ನಾಲ್ಕೋ, ನಲವತ್ತೋ, ನಾನೂರೋ ಎಂಬ ಸಂಶಯ ನಿಮಗೆ ಬಂದಿರಬಹುದು. ಅದು ಹೀಗೆ. ಮೊದಲು ಹೆಬ್ಬೆರಳನ್ನು ಮಡಿಚಿ…

ತಡೆಯಿರಿ. ಸಿಸ್ಟರ್ ಬಾಗಿಲಲ್ಲಿ ನಿಂತಿದ್ದಾರೆ. "ಬರೆದದ್ದು ಸಾಕು ಮಾರಾಯ್ರೆ, ಮಾಸ್ತರಿಗೆ ಜ್ವರ. ಐದನೆಯವರು ಕಾಯ್ತಾ ಇದ್ದಾರೆ, ನೀವೇ ಬನ್ನಿ. ಟವೆಲ್ ಇಲ್ಲೇ ಇಟ್ಟು ಬನ್ನಿ."