ಸಪ್ಪಳನುಂಗಿ

"ಈಗ ನೋಡ್ರಿ!" ಎಂದು ಗುರುಶಾಂತಪ್ಪ ಕಾಕಾ ಗುಂಡಿ ಒತ್ತಿದರು. ಎಡಗೈಯಲ್ಲಿ ಹಿತ್ತಾಳೆಯ ಅಗಲ ತಟ್ಟೆ, ಪರಾತ, ಎತ್ತಿ ಹಿಡಿದು, ಬಲಗೈಯ ಸೌಟಿನಿಂದ ಬಲವಾಗಿ ಬಾರಿಸಿದರು.

ಸಪ್ಪಳವೇ ಇಲ್ಲ!

ಮತ್ತೊಮ್ಮೆ ಬಾರಿಸಿದರು. ಪರಾತಕ್ಕೆ ತಗ್ಗು ಬಿತ್ತೇ ಹೊರತು ಸದ್ದು ಬರಲಿಲ್ಲ. ಪಕ್ಕದಲ್ಲಿ ಅವರ ಹೆಂಡತಿ ನೀಲವ್ವ ಕಾಕುವಿನ ಬಾಯಿ ರಭಸದಿಂದ ಆಡುತ್ತಿತ್ತು, ಅದೂ ಕೇಳಿಸಲಿಲ್ಲ. ಕಾಕಾ ಗುಂಡಿಯನ್ನು ಮತ್ತೆ ಒತ್ತಿ ಯಂತ್ರ ನಿಲ್ಲಿಸಿದಾಗ ಬೈಗುಳದ ಬಾಲವಷ್ಟೇ ಉಳಿದಿತ್ತು: "...ನನ್ನ ತವರುಮನಿ ಪರಾತ ಅದು!"

"ಅಬ್ಬಾ! ಏನ್ ತಲಿ ಕೊಟ್ಟಾನ ದೇವ್ರು ನನಗ!" ಎಂದರು ಕಾಕಾ. ಯಾವ ಯಂತ್ರ ಮಾಡಿದರೂ ಮೊದಲ ಮೆಚ್ಚುಗೆ ಅವರದೇ. ರೇಖಾಳ ಸೊಂಟದ ಮೇಲಿದ್ದ ಮಗು ಅವರ ಬಾಯನ್ನೇ ನೋಡುತ್ತಿತ್ತು.

ಮೂವತ್ತು ವರ್ಷ ಕಾಲೇಜಿನ ಭೌತಶಾಸ್ತ್ರದ ಲ್ಯಾಬಿನಲ್ಲಿ ಉಪಕರಣ ಒರೆಸಿಟ್ಟು ನಿವೃತ್ತರಾದ ಕಾಕಾ, ಬೆಟಗೇರಿಯ ಆ ಓಣಿಯಲ್ಲಿ ರೇಖಾಳ ಪಕ್ಕದ ಮನೆಯವರು. ಹಳೆಯ ಹಾಲಿನ ಕ್ಯಾನಿಗೆ ಮಿಕ್ಸರಿನ ಮೋಟರು ಕಟ್ಟಿ, ಮೇಲೊಂದು ಸೀಮೆಎಣ್ಣೆಯ ಲಾಳಿಕೆ ಕೂರಿಸಿ ಈ ಸಪ್ಪಳನುಂಗಿಯನ್ನು ಅವರು ಮಾಡಿದ್ದು ರೇಖಾಳಿಗಾಗಿಯೇ.

ಅವಳ ಕಷ್ಟ ಸಣ್ಣದು. ಮಗಳಿಗೆ ಹತ್ತು ತಿಂಗಳು. ಹೆಸರು ಇಂಚರ, ಎಚ್ಚರವಾದರೆ ಅಳು ಮಿಲ್ಲಿನ ಭೋಂಗಾ! ಗಂಡ ಮಲ್ಲಿನಾಥ ಮನೆಯಲ್ಲಿರುವುದು ಭಾನುವಾರ ಮಾತ್ರ. ಮಗು ಮಲಗಿದ ಮಧ್ಯಾಹ್ನ ಇಬ್ಬರೂ ಕೂಡಿ ಒಂದು ಸಿನಿಮಾ ನೋಡಬೇಕು, ಅಷ್ಟೇ. ಸಿನಿಮಾದಲ್ಲಿಯೂ ಹೊಸ ಅಪ್ಪ, ಹೊಸ ಅಮ್ಮ, ಹೊಸ ಮನೆ, ದೆವ್ವವೊಂದೇ ಹಳೆಯದು. ಅದಕ್ಕೆ ತೊಟ್ಟಿಲ ಮಗುವಿನ ಮೇಲೆ ಕಣ್ಣು. ಕಿವಿಗೆ ತಂತಿ ಸಿಕ್ಕಿಸಿಕೊಂಡು ಮೂರು ಭಾನುವಾರ ಕೂತರು. ಮೂರು ಸಲವೂ ಹನ್ನೊಂದನೆಯ ನಿಮಿಷಕ್ಕೆ ದೆವ್ವ ಬಂತು, ಮಲ್ಲಿನಾಥ ಕಿರುಚಿದ, ಭೋಂಗಾ ಆಯಿತು.

"ನೀ ಕಿರುಚಿಲ್ಲೇನು?" ಎಂದು ಅವನ ವಾದ.

"ನಾ ಬಾಯಿಗೆ ಸೆರಗು ಇಟ್ಕೊಂಡಿದ್ದೆ. ನಿಮಗೂ ಒಂದು ಸೀರಿ ಉಡಸ್ಲೇನ್ರೀ?"

ಕಾಕಾ ಸಪ್ಪಳನುಂಗಿಯನ್ನು ತೊಟ್ಟಿಲ ಬದಿಗಿಟ್ಟರು. "ತಂತಿ ಕಿವಿಯೊಳಗ ಐತಿ, ಅದನ್ನ ಇದು ಮುಟ್ಟೂದಿಲ್ಲ. ಗಾಳಿಯೊಳಗಿನ ಸಪ್ಪಳ ಮಾತ್ರ ನುಂಗತೈತಿ. ಅಳತಿ ಹತ್ತಕ್ಕ ಇಟ್ಟೀನಿ, ತೊಟ್ಟಿಲ ಸುತ್ತ ಅಷ್ಟ ಸಾಕು. ಬೇಕಾದಷ್ಟು ಕಿರುಚಪಾ ಮಲ್ಲಿನಾಥಾ!"

ಇಂಚರ ಮಲಗಿದಳು. ದೆವ್ವ ಹನ್ನೊಂದನೆಯ ನಿಮಿಷಕ್ಕೆ ತಪ್ಪದೆ ಬಂತು. ಮಲ್ಲಿನಾಥ ನೀರಿನಿಂದ ತೆಗೆದ ಮೀನಿನಂತೆ ಬಾಯಿ ತೆರೆದ. ಮಗು ಮಿಸುಕಲಿಲ್ಲ! ರೇಖಾ ಸೆರಗು ಬಿಟ್ಟು ತಾನೂ ಮನಸಾರೆ ಕಿರುಚಿದಳು. ಹತ್ತು ತಿಂಗಳಲ್ಲಿ ಇಷ್ಟು ಸುಖವಾಗಿ ಅವಳು ಹೆದರಿರಲಿಲ್ಲ.

ಸಿನಿಮಾದ ತೊಟ್ಟಿಲು ತಾನಾಗಿ ತೂಗತೊಡಗಿತು. ಕಿಟಕಿಯಲ್ಲಿ ಬಿಳಿ ಮುಖವೊಂದು ಮೂಡಿತು. ಮಲ್ಲಿನಾಥ ಅವಳ ಕೈ ಹಿಡಿದು ಏನೋ ಕೂಗಿದ. ಆಮೇಲೆ ರೇಖಾಳಿಗೆ ಕಂಡಿತು: ಮುಖವಿರುವುದು ಸಿನಿಮಾದ ಕಿಟಕಿಯಲ್ಲಿ ಅಲ್ಲ, ತಮ್ಮ ಕಿಟಕಿಯಲ್ಲಿ!

ಅವಳು ಚೀರಿ ಜಿಗಿದಾಗ ಕಿವಿಯ ತಂತಿ ಕಿತ್ತು ಬಂತು. ಜೋಳದ ಹಿಟ್ಟು ಮೆತ್ತಿದ ಮುಖವನ್ನು ಸರಳಿಗೆ ಒತ್ತಿ, ನೀಲವ್ವ ಕಾಕು ಎರಡೂ ಕೈ ಬೀಸುತ್ತಿದ್ದಳು. ಅವಳ ಹಿಂದೆ ಓಣಿಗೆ ಓಣಿಯೇ ನಿಂತಿತ್ತು. ಭಜನೆಯವರು ತಾಳ ಕುಟ್ಟಿ ಕುಟ್ಟಿ ಕಿವಿ ತಿರುವಿಕೊಳ್ಳುತ್ತಿದ್ದರು. ಕಾಯಿಪಲ್ಲೆ ಮಾರುವ ಫಕೀರವ್ವ ಗಂಟಲು ಹಿಡಿದುಕೊಂಡು ಬಾಯಿ ತೆರೆದು ಮುಚ್ಚುತ್ತಿದ್ದಳು. ಯಂತ್ರದ ಮೇಲೆ ಕಾಕಾ ಅಳತೆಯ ಗುರುತು ಹಾಕಿದ್ದು ಫೂಟಿನಲ್ಲಲ್ಲ, ಮಾರಿನಲ್ಲಿ! ಸುತ್ತ ಹತ್ತು ಮಾರಿನ ಸಪ್ಪಳವೆಲ್ಲ ಕ್ಯಾನಿನ ಹೊಟ್ಟೆ ಸೇರಿತ್ತು.

ಆಗಲೇ ರೇಖಾ ತೊಟ್ಟಿಲ ಕಡೆ ತಿರುಗಿದ್ದು. ಇಂಚರ ಎದ್ದು ಸರಪಳಿ ಹಿಡಿದು ಕೂತಿದ್ದಳು. ಅಪ್ಪ ಅಮ್ಮ ಇಬ್ಬರನ್ನೂ ಒಮ್ಮೆ ನೋಡಿದಳು. ಬಾಯಿ ತೆರೆದಳು, ತುಟಿ ಕೂಡಿಸಿದಳು, ಮತ್ತೆ ತೆರೆದಳು.

ಸ್ಪಷ್ಟವಾಗಿ ಒಂದು ಮಾತು. ಮೊದಲ ಮಾತು!

ಕಾಕಾ ಓಡಿ ಬಂದು ಯಂತ್ರ ನಿಲ್ಲಿಸುವ ಹೊತ್ತಿಗೆ ಗಂಡಹೆಂಡತಿಯ ಜಗಳ ಅರ್ಧ ಮುಗಿದಿತ್ತು.

"...ಅಪ್ಪ ಅಂದ್ಲು! ತುಟಿ ಕೂಡಿದ್ದು ನಾ ಕಣ್ಣಾರೆ ನೋಡೀನಿ!"

"ಅಮ್ಮ ಅನ್ನಾಕೂ ತುಟಿ ಕೂಡ್ತಾವ್ರೀ! ಪ, ಫ, ಬ, ಭ, ಮ, ಐದಕ್ಕೂ ಕೂಡ್ತಾವ. ಎಂ.ಎ. ಓದೀನಿ ನಾ!"

"ನಿನ್ನ ವ್ಯಾಕರಣ ತಂದು ನನ್ನ ಮಗಳ ಬಾಯಾಗ ತುರುಕಬ್ಯಾಡ!"

ರೇಖಾ ಕೂತುಬಿಟ್ಟಳು. ದಿನಕ್ಕೆ ನೂರು ಸಲ "ಅಮ್ಮ ಅನ್ನವಾ" ಎಂದವಳು ಅವಳು. ಅಪ್ಪ ಎಂದಿದ್ದರೂ ಸರಿಯೆ, ಆ ಮಾತು ಕಿವಿಗೆ ಬೀಳಬೇಕಿತ್ತು.

"ಅಳಬ್ಯಾಡ ಯವ್ವಾ, ಎಲ್ಲೂ ಹೋಗಿಲ್ಲ. ಕ್ಯಾನಿನ್ಯಾಗ ಐತಿ," ಎಂದರು ಕಾಕಾ. "ಮೋಟರು ತಿರುವುಮುರುವು ಮಾಡಿದ್ರ ಹೋದ ಸರದಿಯೊಳಗ ಹೊರಗ ಬರತೈತಿ. ಆದ್ರ ಒಮ್ಮೆ ಮಾತ್ರ. ಯಾರೂ ಕೆಮ್ಮಬ್ಯಾಡ್ರಿ!"

ಓಣಿ ಉಸಿರು ಬಿಗಿಹಿಡಿಯಿತು. ಮಲ್ಲಿನಾಥ ರೆಕಾರ್ಡ್ ಮಾಡಲು ಮೊಬೈಲು ಹಿಡಿದ. ಕಾಕಾ ಗುಂಡಿ ಒತ್ತಿದರು.

ಠಣ್! ಠಣ್! ಪರಾತ ಬಂತು. ಹಿಂದೆಯೇ ನೀಲವ್ವ: "ಮೂವತ್ತು ವರ್ಷ ಕಾಲೇಜಿನ್ಯಾಗ ಒಂದು ಗಾಜಿನ ನಳಗಿ ಒಡೀಲಿಲ್ಲ, ಮನ್ಯಾಗ ಒಂದು ಬಾಂಡೆ ಉಳಸಲಿಲ್ಲ, ಮೂಳ!" ಓಣಿ ನಗೆ ನುಂಗಿತು. ಆರು ಮನೆಯ ಕುಕ್ಕರ್ ಸೀಟಿ, ಭಜನೆಯ ತಾಳ, "ಮೆಂತೇಪಲ್ಲೇ!" ಲಾಳಿಕೆ ಗಡಗಡ ನಡುಗಿತು. ನಡುವೆ ರೇಖಾಳ ಕೂಗು, ಮಲ್ಲಿನಾಥನ ಚೀರಾಟ. ಕೊನೆಗೆ ಅವನದೇ ನಡುಗುವ ದನಿ, ಓಣಿ ತುಂಬ:

"ರೇಖಾ! ಕೈ ಬಿಡಬ್ಯಾಡ! ನೀ ಇಲ್ಲಂದ್ರ ನಾ ಹೆಂಗ ಇರಲಿ?"

ಭಜನೆಯವರೆಲ್ಲ ಅವನ ಕಡೆ ತಿರುಗಿದರು. ಮಲ್ಲಿನಾಥ ಕೆಂಪಾಗಿ ಮೊಬೈಲು ಆರಿಸಿ ಜೇಬಿಗೆ ತುರುಕಿದ. ರೇಖಾ ಅವನ ಕೈ ಹಿಡಿದುಕೊಂಡು ಕ್ಯಾನಿನ ಕಡೆಯೇ ನೋಡಿದಳು.

ಅವಳ ಚೀರು ಬಂತು. ಆಮೇಲೆ ಪುಟ್ಟ, ಹಸಿ, ತಿಳಿಯಾದ ದನಿ, ಕಾಕಾನ ರಾಗವೂ ತಪ್ಪದಂತೆ:

"ಅಬ್ಬಾ!"

ತೊಟ್ಟಿಲಲ್ಲಿದ್ದ ಇಂಚರ ತನ್ನ ದನಿ ತಾನೇ ಕೇಳಿ ಖುಷಿಯಾಗಿ, ಕಾಕಾನತ್ತ ಎರಡೂ ಕೈ ಚಾಚಿದಳು. ಕ್ಯಾನು ಉಳಿದ ಜಗಳವನ್ನೆಲ್ಲ ಒಮ್ಮೆಲೆ ಕಾರಿಕೊಂಡು, ಲಾಳಿಕೆಯನ್ನು ಮಾಳಿಗೆಯ ಮೇಲಕ್ಕೆ ಹಾರಿಸಿ ಸುಮ್ಮನಾಯಿತು.

"ಬ! ಅದೂ ಪ ವರ್ಗ ಅಲ್ಲೇನವಾ?" ಎಂದರು ಕಾಕಾ, ಮೀಸೆಯಡಿ ನಗುತ್ತ.

"ಒಬ್ಬರು ಸಾಲದು ಅಂತ ಓಣಿಗೆ ಇನ್ನೊಬ್ಬಾಕಿ ಹುಟ್ಟಿದ್ಲು!" ಎಂದು ನೀಲವ್ವ ತಗ್ಗು ಬಿದ್ದ ಪರಾತ ಎತ್ತಿಕೊಂಡು ನಡೆದಳು.

ಮೊಬೈಲಿನಲ್ಲಿ ಉಳಿದದ್ದು ಮಲ್ಲಿನಾಥನ ಗೋಳು ಒಂದೇ. ಅಳಿಸಲು ಅವನು ಎಷ್ಟು ಬೇಡಿಕೊಂಡರೂ ರೇಖಾ ಬಿಡಲಿಲ್ಲ. ಸಿನಿಮಾ ಮಾತ್ರ ಮುಗಿಯಲೇ ಇಲ್ಲ. ಅದರ ಮಗು ಕೊನೆಗೆ ದೆವ್ವದ ಪಾಲಾಯಿತೋ ಅಪ್ಪ ಅಮ್ಮನ ಪಾಲಾಯಿತೋ, ಇಬ್ಬರಿಗೂ ತಿಳಿಯದು. ತಮ್ಮದು ಕಾಕಾನ ಪಾಲಾದದ್ದಷ್ಟೇ ತಿಳಿದದ್ದು.