ಅಧ್ಯಕ್ಷರ ಬಾಯಲ್ಲಿ ಬಂದ ಹೆಸರು

ಎಲ್ಲ ರಾಮಾಯಣಕ್ಕೂ ಮೂಲ, ತೊಕುಮಾರು ಅಂದ ಒಂದೇ ಒಂದು "ಹೌದು ಸಾರ್".

ಒಸಾಕಾದ ಆ ಗೇಮ್ ಕಂಪನಿಯಲ್ಲಿ ಪಾತ್ರಗಳ ಹೆಸರನ್ನು ಇಂಗ್ಲಿಷಿನಲ್ಲಿ ಬರೆದು, ಹೊರದೇಶದವರಿಗೆ ಉಚ್ಚಾರ ಕಲಿಸುವುದು ಅವನ ಕೆಲಸ. ದೂರದ ಬ್ರೆಜಿಲ್‌ನಲ್ಲಿ ಯಾರೋ ಒಂದು ದೀರ್ಘ ನುಂಗಿದರೆ ಇವನಿಗೆ ಇಲ್ಲಿ ಅನ್ನ ಸೇರುತ್ತಿರಲಿಲ್ಲ. ಅಂಥವನು ಹೊಸ ಗೇಮಿನ ಕತ್ತಿ ಹಿಡಿದ ಮುದುಕಿಗೆ ತನ್ನ ತಾಯಿಯ ಹೆಸರನ್ನೇ ಇಟ್ಟಿದ್ದ. ಫುಮಿನೊ. ಮೊದಲ ಸಭೆಯಲ್ಲಿ ಅಧ್ಯಕ್ಷ ಕುರುಸು ಅವರು ಚಿತ್ರದ ಕೆಳಗಿನ ಹೆಸರು ಓದಿ, "ಆಹಾ, ಅಯಾನೊ! ಚೆನ್ನಾಗಿದೆ, ಅಲ್ವೇನ್ರೀ?" ಅಂದರು. ನಮ್ಮ ಜಪಾನಿ ಬರವಣಿಗೆಯ ಹಣೆಬರಹವೇ ಅಷ್ಟು, ಆ ಅಕ್ಷರಗಳನ್ನು ಹಾಗೂ ಓದಬಹುದು, ಹೀಗೂ ಓದಬಹುದು. ಸಭೆಯಲ್ಲಿದ್ದವರೆಲ್ಲ ತಲೆ ತಗ್ಗಿಸಿ ತಮ್ಮ ತಮ್ಮ ಟೀ ಬಟ್ಟಲು ನೋಡತೊಡಗಿದರು.

"ಹೌದು ಸಾರ್," ಅಂದ ಈ ಮಹಾನುಭಾವ.

ಮುಗಿಯಿತು ಕಥೆ. ಅಂದಿನಿಂದ ಕಂಪನಿಗೆಲ್ಲ ಅವಳು ಅಯಾನೊ. ಗೇಮಿಗೆ ದನಿ ಕೊಟ್ಟವರೂ ಹಾಗೆಯೇ ಕೂಗಿದರು. ಪೋಸ್ಟರಿನ ಮೇಲೆ ಇಂಗ್ಲಿಷಿನಲ್ಲಿ ಅಯಾನೊ ಎಂದು ಬರೆದದ್ದೂ ಹಲ್ಲು ಕಚ್ಚಿಕೊಂಡ ತೊಕುಮಾರುವೇ. ಅಧ್ಯಕ್ಷರನ್ನು ತಿದ್ದುವ ಗಂಡುಗಲಿ ಆ ಕಂಪನಿಯಲ್ಲಿ ಇನ್ನೂ ಹುಟ್ಟಿರಲಿಲ್ಲ.

ಇವತ್ತು ಗೇಮಿನ ಬಿಡುಗಡೆ, ಅದೂ ಟೀವಿಯಲ್ಲಿ ನೇರ ಪ್ರಸಾರ. ಅಮ್ಮ ಬೆಳಿಗ್ಗೆಯೇ ಫೋನು ಮಾಡಿದ್ದಳು. "ನಮ್ಮ ಹಾಡಿನ ಕೂಟದವರೆಲ್ಲ ಒಟ್ಟಿಗೆ ಕೂತು ನೋಡ್ತೀವಿ ಕಣೋ. ಗೇಮಿನಲ್ಲಿರೋದು ನನ್ನ ಹೆಸರೇ ಅಂತ ಎಲ್ಲರ ಹತ್ರ ಹೇಳಿಬಿಟ್ಟಿದೀನಿ." ಗಂಡ ಸತ್ತ ಮೇಲೆ ಆ ಮುದುಕಿ ಇಷ್ಟು ಉತ್ಸಾಹದಿಂದ ಮಾತಾಡಿದ್ದೇ ಇಲ್ಲ. ಒಂದೇ ಒಂದು ಸಲ ಅವಳ ಹೆಸರು ಅವಳ ಕಿವಿಗೆ ಬೀಳಬೇಕು. ಅಷ್ಟಾದರೆ ಸಾಕು ತೊಕುಮಾರುವಿಗೆ.

ಅಧ್ಯಕ್ಷರ ಭಾಷಣದ ಹಾಳೆ ಸಿದ್ಧಪಡಿಸುವ ಕೆಲಸ ಅವನದೇ ಆಗಿತ್ತು. ಮಕ್ಕಳ ಪುಸ್ತಕದಲ್ಲಿ ಮಾಡುವ ಹಾಗೆ, ಹೆಸರಿನ ನೆತ್ತಿಯ ಮೇಲೆ ಪುಟ್ಟದಾಗಿ 'ಫುಮಿನೊ' ಎಂದು ಉಚ್ಚಾರ ಬರೆದ. ಪಕ್ಕದ ಮೇಜಿನ ಅವಾಜು-ಸಾನ್ ಕತ್ತು ಚಾಚಿಯೇಬಿಟ್ಟಳು.

"ಅಯ್ಯೋ ದೇವ್ರೇ! ಅಧ್ಯಕ್ಷರಿಗೆ ಓದೋಕೆ ಬರಲ್ಲ ಅಂತ ತೋರಿಸಿಕೊಡ್ತಿದೀರಾ?"

"ಹಾಗಲ್ಲ..."

"ಮತ್ತೆ ಅದೊಂದಕ್ಕೇ ಯಾಕೆ ಬರೆದ್ರಿ?"

ಅದೊಂದಕ್ಕೇ ಬರೆದರೆ ತಾನೇ ಎದ್ದು ಕಾಣುವುದು? ತೊಕುಮಾರು ಎಲ್ಲ ಪದಗಳಿಗೂ ಉಚ್ಚಾರ ಬರೆದ. 'ಇಂದು' ಎಂಬುದಕ್ಕೂ ಬರೆದ, 'ನಾನು' ಎಂಬುದಕ್ಕೂ ಬರೆದ. ಹಾಳೆ ಇರುವೆ ಮುತ್ತಿದ ಬೆಲ್ಲದಂತಾಯಿತು.

ವಿಭಾಗದ ಮುಖ್ಯಸ್ಥ ಹಿರೋತ್ಸು ಅದನ್ನು ನೋಡಿ ಬೆವೆತುಹೋದರು. "ಏನ್ರೀ ಇದು, ಒಂದನೇ ಕ್ಲಾಸಿನ ಪುಸ್ತಕ ಮಾಡಿಟ್ಟಿದೀರಲ್ರೀ! ನನ್ನ ಹೊಟ್ಟೆ ಮೇಲೆ ಹೊಡೀಬೇಕು ಅಂತಿದೀರಾ?"

ಆಗಲೇ ಅಧ್ಯಕ್ಷರು ಬಂದು ಹಾಳೆ ಎತ್ತಿಕೊಂಡರು. "ಒಳ್ಳೇದಾಯ್ತು ಕಣ್ರೀ, ವೇದಿಕೆ ಹತ್ತಿದ್ರೆ ನನಗೆ ಎಲ್ಲಾ ಮರೆತುಹೋಗತ್ತೆ," ಎಂದು ನಡೆದೇಬಿಟ್ಟರು. ಹಿರೋತ್ಸು ತಕ್ಷಣ, "ಐಡಿಯಾ ನಂದೇ ಸಾರ್," ಎಂದು ಹಿಂದೆ ಓಡಿದರು.

ಸಭಾಂಗಣ ಕಿಕ್ಕಿರಿದಿತ್ತು. ಅಧ್ಯಕ್ಷರು ಹಾಳೆಯ ಮೇಲೆ ಬೆರಳಿಟ್ಟುಕೊಂಡು ಓದಿದರು, "ನಮ್ಮ ಕಥಾನಾಯಕಿ... ಫುಮಿನೊ!"

ಪರದೆಯ ಮರೆಯಲ್ಲಿ ನಿಂತಿದ್ದ ತೊಕುಮಾರುವಿನ ಕಣ್ಣು ತುಂಬಿ ಬಂತು. ಕೇಳಿಸಿತೇನೇ ಅಮ್ಮ, ಎಂದು ಮನಸ್ಸಿನಲ್ಲೇ ಕೂಗಿದ.

ಆ ಸುಖ ಒಂದು ಉಸಿರಿನಷ್ಟು ಹೊತ್ತೂ ನಿಲ್ಲಲಿಲ್ಲ. ಟೀವಿಯಿಂದ ಬಂದಿದ್ದ ನಿರೂಪಕಿ, ಹೊರಗಿನವಳು, ಹಿಂದಿನ ಗೋಡೆಯತ್ತ ನೋಡಿ ನಕ್ಕಳು. "ಸಾರ್, ಅಲ್ಲಿ ಅಯಾನೊ ಅಂತಿದೆಯಲ್ಲಾ?"

ಗೋಡೆಯ ತುಂಬ ಇಂಗ್ಲಿಷಿನಲ್ಲಿ ಆಳೆತ್ತರದ ಅಯಾನೊ. ಅಧ್ಯಕ್ಷರ ಮುಖ ಕೆಂಪಾಯಿತು. "ಹೆಸರಿಟ್ಟವರನ್ನೇ ಕೇಳೋಣ. ತೊಕುಮಾರು-ಸಾನ್, ಬನ್ನಿ ಇಲ್ಲಿ. ಯಾವುದು ಸರಿ?"

ಯಾರೋ ಅವನನ್ನು ಬೆಳಕಿಗೆ ನೂಕಿ ಕೈಗೆ ಮೈಕು ಕೊಟ್ಟರು. ಎದುರಿಗೆ ಕ್ಯಾಮೆರಾ. ಫುಮಿನೊ ಅಂದರೆ ಅಮ್ಮ ಗೆದ್ದಳು. ಆದರೆ ಅಧ್ಯಕ್ಷರು ಇಷ್ಟು ದಿನ ಅಂದದ್ದೆಲ್ಲ ತಪ್ಪು ಎಂದು ಊರಿಗೆಲ್ಲ ಸಾರಿದಂತೆ. ಮೊದಲ ಸಾಲಿನಲ್ಲಿ ಹಿರೋತ್ಸು ಕಣ್ಣಲ್ಲೇ ಕೊಲ್ಲುತ್ತಿದ್ದರು. ತೊಕುಮಾರು ಬಾಯಿ ತೆರೆದ. ನಾಲಿಗೆಗೆ ರೂಢಿಯಾದದ್ದೇ ಹೊರಬಂತು.

"ಅಯಾನೊನೇ ಸರಿ ಸಾರ್. ನಾನೇ ತಪ್ಪು ಬರೆದೆ. ದಯವಿಟ್ಟು ಎಲ್ಲರೂ ಕ್ಷಮಿಸಿ."

ಸೊಂಟ ಮುರಿಯುವಂತೆ ಬಾಗಿದ. ಪಕ್ಕದಲ್ಲಿ ಅಧ್ಯಕ್ಷರೂ ಬಾಗಿದರು. ಸಭೆ ಚಪ್ಪಾಳೆ ತಟ್ಟಿತು. ಕೆಳಗಿಳಿದಾಗ ಹಿರೋತ್ಸು, "ಇನ್ನು ಮೇಲೆ ಹೆಸರಿನ ತಂಟೆಗೆ ನೀವು ಬರಬೇಡಿ, ಗೋದಾಮು ನೋಡ್ಕೊಳ್ಳಿ," ಎಂದಷ್ಟೇ ಹೇಳಿ ಹೊರಟುಹೋದರು.

ಕೆಲಸ ಹೋದರೆ ಹಾಳಾಗಲಿ. ಅಮ್ಮನಿಗೆ ಏನೆಂದು ಹೇಳುವುದು? ಫೋನು ಮಾಡಿದ.

"ಅಮ್ಮ, ನನ್ನಿಂದ ತಪ್ಪಾಯ್ತು ಕಣೇ."

"ಇರಲಿ ಬಿಡೋ, ಕೆಲಸ ಅಂದ ಮೇಲೆ ಇರೋದೇ," ಅಂದಳು ಅಮ್ಮ. ದನಿ ಮೆತ್ತಗಿತ್ತು. "ಆದ್ರೆ ಇಲ್ಲಿ ಒಂದು ಎಡವಟ್ಟಾಗಿದೆ. ನೀನು ಟೀವಿಲಿ ಹಾಗಂದದ್ದೇ ತಡ, ನಮ್ಮ ಕೂಟದವರೆಲ್ಲ ಎದ್ದು ನಿಂತು ನನಗೆ ಬಗ್ಗಿ ಕ್ಷಮೆ ಕೇಳಿದ್ರು. ಇಷ್ಟು ವರ್ಷ ನಿಮ್ಮ ಹೆಸರು ತಪ್ಪಾಗಿ ಕರೀತಿದ್ವಿ ಅಯಾನೊ-ಸಾನ್, ಅಂತ. ಒಬ್ಬಳಂತೂ ಅತ್ತೇಬಿಟ್ಟಳು."

"ಅಲ್ಲ ಅಂತ ಹೇಳಲಿಲ್ವಾ ನೀನು?"

"ಅಷ್ಟು ಮರ್ಯಾದೆಯಿಂದ ಕೇಳೋರಿಗೆ ಹೇಗೋ ಅಲ್ಲ ಅನ್ನೋದು? ಅದೂ ಅಲ್ದೆ, ಹೆತ್ತ ತಾಯಿ ಹೆಸರು ಮಗನಿಗೇ ಗೊತ್ತಿಲ್ವಾ ಅಂತ ಜನ ನಿನ್ನ ಆಡ್ಕೊಳ್ಳಲ್ವಾ? ಹೌದು ಅಂದೆ." ಹಿಂದಿನಿಂದ ಯಾರೋ ಕರೆದರು. "ಇಡ್ಲಾ ಕಣೋ? ಅಯಾನೊ-ಸಾನ್ ಬನ್ನಿ ಅಂತಿದಾರೆ. ನಾನೇ ಇರಬೇಕು."